ಅಕ್ಕನ ಪಾಲಿನ ಹೆಸರು

ರೆನಾಟಾ ಎಂಬುದು ಲ್ಯಾಟಿನ್‌ನಿಂದ ಬಂದ ಹೆಸರು. ಮತ್ತೆ ಹುಟ್ಟಿದವಳು ಎಂದು ಅರ್ಥ. ಹಳೆಯ ಕಾಲದಲ್ಲಿ ಹೊಸ ನಂಬಿಕೆಗೆ ಬಂದವರು, ಹಿಂದಿನದೆಲ್ಲ ಮುಗಿಯಿತು, ಇನ್ನು ಹೊಸ ಬಾಳು ಎಂದು ಇಂಥ ಹೆಸರು ಇಟ್ಟುಕೊಳ್ಳುತ್ತಿದ್ದರಂತೆ. ಈ ಕತೆಯ ತಾಯಿಗೆ ಅದೆಲ್ಲ ಗೊತ್ತಿರಲಿಲ್ಲ. ಕೇಳಲು ಹಿತವಾಗಿದೆ ಎಂದು ಮೊದಲ ಮಗಳಿಗೆ ಇಟ್ಟಳು. ಮಗು ಮಾತು ಕಲಿತ ಹೊಸತರಲ್ಲೇ ಜ್ವರ ಬಂದು ತೀರಿಕೊಂಡಿತು. ಮಣ್ಣು ಮಾಡಿ ಬಂದ ಮೇಲೆ ಸಮಾಧಾನ ಹೇಳಲು ಹೋದ ಪಾದ್ರಿ ಹೆಸರಿನ ಅರ್ಥ ಬಿಡಿಸಿ ಹೇಳಿದರು. ಸುಮ್ಮನಿರಬಾರದಿತ್ತೇ ಆ ಪುಣ್ಯಾತ್ಮ! ಎರಡನೆಯ ಹೆಣ್ಣು ಹುಟ್ಟಿದಾಗ ತಾಯಿ ಅದೇ ಹೆಸರನ್ನು ಇವಳ ತಲೆಗೆ ಕಟ್ಟಿದಳು.

ಕಟ್ಟಿದಳೇನೋ ಸರಿ, ಕರೆಯಲು ಮಾತ್ರ ಬಾಯಿ ಬರಲಿಲ್ಲ. ಹೆಸರು ಗೋಡೆಯ ಮೇಲಿನ ಅಕ್ಕನ ಫೋಟೋದ ಪಾಲಾಯಿತು, ಇವಳು 'ಮರಿ'ಯಾಗಿ ಉಳಿದಳು. ತಲೆ ನರೆತರೂ ಮರಿಯೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವ ಅವಳನ್ನು ಅಲ್ಲಿಯವರು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಎರಡು ಕೋಣೆ, ಹಾಸಿಗೆ ಹಿಡಿದ, ನೆನಪು ತಪ್ಪುತ್ತಿದ್ದ ತಾಯಿ. ಪಾತ್ರೆ ತೊಳೆಯುತ್ತ ಒಮ್ಮೊಮ್ಮೆ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುವಳು. ಯಾರದೋ ಚಪ್ಪಲಿ ಮೆಟ್ಟಿಕೊಂಡಂತೆ ನಾಚಿಕೆಯಾಗುತ್ತಿತ್ತು. ಆದರೂ ಅಮ್ಮ ಕಣ್ಣು ಮುಚ್ಚುವುದರೊಳಗೆ ಒಂದೇ ಒಂದು ಸಲ ತನ್ನನ್ನು ಹೆಸರು ಹಿಡಿದು ಕರೆಯಬೇಕೆಂಬ ಆಸೆ ಬಿಟ್ಟಿರಲಿಲ್ಲ.

ಒಂದು ರಜೆಯ ಮಧ್ಯಾಹ್ನ ಒಳಗಿನಿಂದ ಕೂಗು ಬಂತು.

"ರೆನಾಟಾ!"

ಸೋಪಿನ ಕೈಯಲ್ಲೇ ಓಡಿದಳು. "ಬಂದೆ ಅಮ್ಮಾ!"

ತಾಯಿ ತಲೆಯಾಡಿಸಿದಳು. "ನೀನಲ್ಲ ಮರಿ. ನಿಮ್ಮಕ್ಕನ್ನ ಕರೀತಿದೀನಿ. ಹೊರಗಡೆ ಆಡ್ತಿರ್ಬೇಕು, ಕಳಿಸು."

ಎದೆ ಒಡೆದುಹೋಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಬಾಗಿಲ ಹೊರಗೆ ಬಂದಳು. ಆಮೇಲೆ ಕೈ ಒರೆಸಿಕೊಂಡು ಮತ್ತೆ ಒಳಗೆ ಹೋಗಿ ಮಂಚದ ಬಳಿ ಕುಳಿತಳು.

"ನಾನಮ್ಮ, ರೆನಾಟಾ."

ತಾಯಿ ಅವಳ ಕೆನ್ನೆ ಸವರಿದಳು. "ಬಂದ್ಯಾ ಕಂದ? ನಿನ್ನ ಹೆಸರನ್ನ ತಂಗೀಗೆ ಇಟ್ಬಿಟ್ಟೆ ಕಣೇ. ನೀನೆಲ್ಲಿ ಬೇಜಾರು ಮಾಡ್ಕೋತೀಯೋ ಅಂತ ಒಂದಿನಾನೂ ಅವಳನ್ನ ಹಾಗೆ ಕರೀಲಿಲ್ಲ. ಪಾಪ, ಯಾಕೆ ಅಂತ ಅವಳೂ ಕೇಳ್ಲಿಲ್ಲ."

ಇಷ್ಟು ಕಾಲ ಕಾದು, ಕೊನೆಗೆ ಸತ್ತವಳ ಪರವಾಗಿ ತಾನೇ ಒಪ್ಪಿಗೆ ಕೊಡಬೇಕಾಗಿ ಬಂತಲ್ಲ.

"ಬೇಜಾರಿಲ್ಲಮ್ಮ. ಅವಳೇ ಇಟ್ಕೊಳ್ಳಲಿ."

"ನಿಜವಾಗ್ಲೂ?"

"ನಿಜವಾಗ್ಲೂ. ಈಗ್ಲೇ ಕರೆದು ನೋಡು, ಹೊರಗೇ ಇದ್ದಾಳೆ."

ತಾಯಿ ಹೂಂ ಎಂದು ಗೋಡೆಯತ್ತ ಹೊರಳಿದಳು. ಮಗಳು ಎದ್ದು ಹೋಗಿ ಬಾಗಿಲಾಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಕಾಯುತ್ತ ನಿಂತಳು. ಒಳಗೆ ತಾಯಿಗೆ ಆಗಲೇ ನಿದ್ದೆ ಹತ್ತಿತ್ತು.