ಒಲೆ ಮುಟ್ಟದ ದಿನ

ಜೂನ್ ಹದಿನಾಲ್ಕರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಝಬರ್ ಸಿಂಗ್ ಏನೂ ಮಾಡುತ್ತಿರಲಿಲ್ಲ. ಅಡುಗೆ ಗುಡಾರದಿಂದ ಹನ್ನೆರಡು ಹೆಜ್ಜೆ ಆಚೆ, ಚಪ್ಪಟೆ ಕಲ್ಲಿನ ಮೇಲೆ, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ. ಮೂವತ್ತೊಂದು ವರ್ಷಗಳಲ್ಲಿ ಆ ಹೊತ್ತಿನಲ್ಲಿ ಅವನ ಕೈ ಖಾಲಿ ಇದ್ದದ್ದು ಅದೇ ಮೊದಲು.

"ಏನ್ ಕಾಕಾ, ಗೋರಂಟಿ ಹಚ್ಕೊಂಡಿದ್ದೀರಾ? ಮದುವೆ ಹೆಣ್ಣಿನ ಥರ ಕೈ ಹಿಡ್ಕೊಂಡು ಕೂತಿದ್ದೀರಲ್ಲ!" ಗುಡಾರದೊಳಗಿಂದ ಪದಮ್ ಕೂಗಿದ. ಅವನು ಈ ವರ್ಷವಷ್ಟೇ ಅಡುಗೆಗೆ ಸೇರಿದವನು, ಮೂವತ್ತರ ಆಸುಪಾಸಿನವನು.

"ನೀನು ರಾಜ್ಮಾ ಕಡೆ ನೋಡು. ತಳ ಹತ್ತಿದ ವಾಸನೆ ಇಲ್ಲೀವರೆಗೂ ಬರ್ತಿದೆ."

"ಮೂಸಿ ನೋಡೋದಕ್ಕೆ ದೇವಿಯರ ಅಡ್ಡಿ ಇಲ್ವಾ?"

"ಮೂಗಿಗೆ ಮಸಿ ಹತ್ತಲ್ಲ. ಕೈಗೆ ಹತ್ತುತ್ತೆ. ಸೌಟು ಆಡಿಸು, ಬಾಯಿ ಅಲ್ಲ."

ಸುರ್‌ತಾಲ್ ಸರೋವರ ಮಾತ್ರಿಯರದು, ಅಂದರೆ ಆ ಬೆಟ್ಟದ ಏಳು ಅಕ್ಕತಂಗಿ ದೇವಿಯರದು. ಹಿಂದಿನ ದಿನ ಒಲೆ, ಮಸಿ, ಇನ್ನೊಬ್ಬರ ಎಂಜಲು ತಟ್ಟೆ ಇವುಗಳಲ್ಲಿ ಯಾವುದನ್ನು ಮುಟ್ಟಿದವರೂ ಮರುದಿನ ಅದರ ದಡಕ್ಕೆ ಹೋಗುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಮೀರಿದರೆ ದಂಡವೂ ಇಲ್ಲ. ಆದರೂ ಝಬರನ ಊರಾದ ಕೋಟ್ಗಾದವರು ಯಾರೂ ಮೀರಿದ್ದಿಲ್ಲ. ಹಾಗಾಗಿ ಯಾತ್ರಿಕರನ್ನು ಕರೆದೊಯ್ಯುವ ತಂಡದ ಅಡುಗೆಯವನು ಥಲಿ ಎಂಬ ಕೊನೆಯ ಬಯಲಿನಲ್ಲೇ ನಿಂತುಬಿಡುತ್ತಾನೆ. ಥಲಿಯ ಎತ್ತರ ನಾಲ್ಕು ಸಾವಿರದ ನೂರಾ ಹತ್ತು ಮೀಟರ್. ಸರೋವರ ಅದಕ್ಕಿಂತ ಮುನ್ನೂರ ಎಂಬತ್ತು ಮೀಟರ್ ಮೇಲೆ.

ವರ್ಷಕ್ಕೆ ಐದರಂತೆ ಝಬರ್ ಥಲಿಗೆ ಸುಮಾರು ನೂರೈವತ್ತು ಸಲ ಬಂದಿದ್ದ. ಜನ ಬೆಳಗಿನ ಜಾವ ಹೊರಟು ಒಂಬತ್ತಕ್ಕೆಲ್ಲ ಇಳಿದು ಬರುತ್ತಿದ್ದರು. ಅವನು ಅವರಿಗೆ ಚಹಾ ಕೊಟ್ಟು ಹೇಗಿತ್ತು ಎಂದು ಕೇಳುತ್ತಿದ್ದ. ಒಬ್ಬರು ನೀಲಿ ಎನ್ನುತ್ತಿದ್ದರು, ಇನ್ನೊಬ್ಬರು ಹಸಿರು, ಮತ್ತೊಬ್ಬರು ಕಪ್ಪು. ಫೋನುಗಳು ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಿತು, ಒಂದೊಂದು ಫೋನೂ ಒಂದೊಂದು ಬಣ್ಣ ತೋರಿಸುತ್ತಿತ್ತು. ಇಷ್ಟು ಸಲ ಕೇಳಿದ್ದರಿಂದ ಸರೋವರದ ಆಕಾರ, ದಡದ ಕಲ್ಲು, ಪಶ್ಚಿಮದ ಹಿಮದ ಗೋಡೆ ಎಲ್ಲವೂ ಅವನ ತಲೆಯಲ್ಲಿ ಸ್ಪಷ್ಟವಾಗಿ ಕೂತಿದ್ದವು. ಬಣ್ಣವೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

ಈ ಸಲ ಅದನ್ನು ತೀರ್ಮಾನಿಸುವುದೆಂದು ಅವನು ಚಳಿಗಾಲದಲ್ಲೇ ನಿಶ್ಚಯಿಸಿದ್ದ. ಬಲ ಮೊಣಕಾಲಿನ ಮೆದುಮೂಳೆ ಸವೆದುಹೋಗಿತ್ತು. ಕೆಳಗಿನ ಪೇಟೆಯ ಡಾಕ್ಟರು ಚಿತ್ರ ತೆಗೆದು ನೋಡಿ, ಇನ್ನೊಂದೇ ಒಂದು ಸಲ ಹತ್ತಬಹುದು, ಅದೂ ಭಾರ ಹೊರದೆ, ಎಂದಿದ್ದರು. ಹೆಂಡತಿ ಛುಮಾ ದೇವಿ ಪ್ರತಿ ರಾತ್ರಿ ಚುಳ್ಳಿ ಎಣ್ಣೆ, ಅಂದರೆ ಕಾಡು ಜರ್ದಾಳು ಬೀಜದ ಎಣ್ಣೆ, ತಿಕ್ಕುತ್ತ ಹಂಗಿಸುತ್ತಿದ್ದಳು.

"ಮೂವತ್ತೊಂದು ವರ್ಷ ಹೊಸ್ತಿಲವರೆಗೂ ಹೋಗಿ ಒಳಗೆ ಇಣುಕದೆ ಬಂದೋನು ನೀನೊಬ್ಬನೇ. ಈ ಸಲ ಬಣ್ಣ ನೋಡ್ಕೊಂಡು ಬಾ. ನಂಗೆ ಬೇರೇನೂ ತರಬೇಡ."

ಅದಕ್ಕಾಗಿಯೇ ಅವನು ಪದಮ್‌ನನ್ನು ಜೊತೆಗೆ ಕರೆತಂದು, ಐದು ದಿನ ದಾರಿಯುದ್ದಕ್ಕೂ ಅಡುಗೆ ಕಲಿಸಿ, ಆರನೆಯ ದಿನದ ಒಲೆಯನ್ನು ಪೂರ್ತಿ ಅವನಿಗೇ ಬಿಟ್ಟುಕೊಟ್ಟಿದ್ದ. ಬೆಳಗ್ಗೆಯೇ ತೊರೆಯ ನೀರಿನಲ್ಲಿ ಮೈ ತೊಳೆದುಕೊಂಡಿದ್ದ. ತನ್ನ ಲೋಟವನ್ನು ಸಹ ತೊಳೆಯಲು ಪದಮ್‌ಗೇ ಕೊಟ್ಟಿದ್ದ.

ಝಬರನಿಗೆ ಅಡುಗೆಯಲ್ಲದೆ ಇನ್ನೊಂದು ಕಸುಬೂ ಗೊತ್ತಿತ್ತು. ಅದಕ್ಕೆ ಹೆಸರಿಲ್ಲ. ಅವನು ತಟ್ಟೆಗಳನ್ನು ಓದುತ್ತಿದ್ದ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಇದೇ ಥಲಿಯಲ್ಲಿ ಒಬ್ಬ ಶಾಲಾ ಮಾಸ್ತರರ ತಟ್ಟೆ ತುಂಬಿದಂತೆಯೇ ವಾಪಸು ಬಂದಿತ್ತು. ಉಪ್ಪು ಕಡಿಮೆಯಾಯಿತೇನೋ ಎಂದು ಝಬರ್ ನೊಂದುಕೊಂಡ. ಬೆಳಗ್ಗೆ ತುಪ್ಪ ಹಾಕಿ ಬೇರೆ ಮಾಡಿಕೊಟ್ಟರಾಯಿತು ಎಂದುಕೊಂಡು ಮಲಗಿದ. ಬೆಳಗ್ಗೆ ಮಾಸ್ತರರು ಏಳಲಿಲ್ಲ. ಬೆನ್ನ ಮೇಲೆ ಹೊತ್ತು ಇಳಿಸುವಾಗ ಮೂರನೆಯ ತಿರುವಿನಲ್ಲಿ ಅವರ ಉಸಿರು ನಿಂತಿತು. ಎತ್ತರದ ಗಾಳಿ ಮೊದಲು ಹಸಿವನ್ನು ಕೊಲ್ಲುತ್ತದೆ, ಆಮೇಲೆ ಲೆಕ್ಕವನ್ನು, ಆಮೇಲೆ ಕಾಲನ್ನು, ಕೊನೆಗೆ ಮನುಷ್ಯನನ್ನು ಎಂಬ ಈ ಅನುಕ್ರಮವನ್ನು ಝಬರ್ ಆಮೇಲೆ ತಾನೇ ನೋಡಿ ನೋಡಿ ಕಲಿತ. ಜನ ತಲೆನೋವನ್ನು ಬಚ್ಚಿಡುತ್ತಾರೆ. ತಟ್ಟೆಯನ್ನು ಬಚ್ಚಿಡುವುದು ಕಷ್ಟ.

ಐದೂ ಕಾಲಿಗೆ ಊಟವಾಯಿತು. ಪುಣೆಯಿಂದ ಬಂದ ಆರು ಯಾತ್ರಿಕರು, ಅವರ ಜೊತೆ ಝಬರ್, ಹಿರಿಯ ಗೈಡ್ ಜಗಮೋಹನ್, ಎರಡನೆಯ ಗೈಡ್ ಸರೋಜನಿ. ರಾಜ್ಮಾ ತಳ ಹತ್ತಿತ್ತು, ಅನ್ನ ಅರೆಬೆಂದಿತ್ತು. ಆದರೂ ಯಾರೂ ದೂರಲಿಲ್ಲ. ಜಗಮೋಹನ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

"ಕಾಕಾ, ನಾಳೆ ನಿಮ್ಮನ್ನ ಎಲ್ಲರಿಗಿಂತ ಮುಂದೆ ಬಿಡ್ತೀನಿ. ಮೂವತ್ತೊಂದು ವರ್ಷ ನಮ್ಮ ಹೊಟ್ಟೆ ತುಂಬಿಸಿದೋರು, ದೇವಿಯರೇ ಎದ್ದು ಬಂದು ಕೈ ಹಿಡೀತಾರೆ, ನೋಡ್ತಿರಿ."

"ದೇವಿಯರು ಹಿಡಿದ್ರೆ ಬಿಡಲ್ಲ ಕಣೋ. ನನ್ನ ಹೆಂಡತಿಗೆ ನೀನೇ ಉತ್ತರ ಹೇಳ್ಬೇಕಾಗುತ್ತೆ."

ಜಗಮೋಹನ್‌ಗೆ ಮೂವತ್ತೆಂಟು ವರ್ಷ. ಹನ್ನೆರಡು ವರ್ಷದಿಂದ ಗೈಡ್. ಆದರೆ ಈ ಸಲ ಅವನು ಎಂಟು ತಿಂಗಳು ಡೆಹ್ರಾಡೂನಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದು, ತಂಡವನ್ನು ತಡವಾಗಿ ಸೇರಿದ್ದ. ಹನ್ನೆರಡರ ಬೆಳಗ್ಗೆ ಇನ್ನೂ ಆರುನೂರ ನಲವತ್ತು ಮೀಟರ್ ಎತ್ತರದ ಆ ಊರಿನಲ್ಲಿದ್ದವನು ಹದಿನಾಲ್ಕರ ಮಧ್ಯಾಹ್ನ ಥಲಿಯಲ್ಲಿದ್ದ. ಉಳಿದವರಿಗೆ ಆರು ದಿನ ಹಿಡಿದ ದಾರಿ ಅವನಿಗೆ ಎರಡೂವರೆ ದಿನ. ಬೆಟ್ಟದವನಿಗೆ ಬೆಟ್ಟದ ಗಾಳಿ ತಾಗುವುದಿಲ್ಲ ಎಂಬುದು ಕೋಟ್ಗಾದ ನಂಬಿಕೆ. ತಾಗಿದರೂ ಅದನ್ನು ಹೂವಿನ ವಿಷ ಎನ್ನುತ್ತಾರೆ, ಹುಳಿ ಜರ್ದಾಳು ಚೀಪಿದರೆ ಇಳಿಯುತ್ತದೆ ಎನ್ನುತ್ತಾರೆ. ಜಗಮೋಹನ್‌ನ ಕೆನ್ನೆಯೊಳಗೆ ಬಂದಾಗಿನಿಂದಲೂ ಒಂದು ಒಣ ಜರ್ದಾಳು ಇದ್ದೇ ಇತ್ತು.

ಪದಮ್ ಒಂಬತ್ತು ತಟ್ಟೆಗಳನ್ನು ಗುಡಾರದ ಹೊರಗೆ ಒಂದರ ಮೇಲೊಂದು ಪೇರಿಸಿಟ್ಟು, ಡಬ್ಬಿ ಹಿಡಿದು ತೊರೆಗೆ ನೀರು ತರಲು ಹೋದ. ಝಬರ್ ಆ ದಾರಿಯಲ್ಲೇ ಹಾದುಹೋದ. ಎಂಜಲು ಮುಟ್ಟುವಂತಿರಲಿಲ್ಲ. ನೋಡಬಾರದೆಂದು ಯಾರೂ ಹೇಳಿರಲಿಲ್ಲ.

ತಟ್ಟೆಗಳ ಗೋಪುರ ನೆಟ್ಟಗೆ ಇರಲಿಲ್ಲ. ಕೆಳಗಿನಿಂದ ಎರಡನೆಯ ತಟ್ಟೆಯ ಮೇಲಿನದೆಲ್ಲ ಎಡಕ್ಕೆ ವಾಲಿತ್ತು. ಒಂದು ಬೆರಳಿನಷ್ಟು ವಾಲಿಕೆ, ಅಷ್ಟೇ. ಬರಿದಾದ ತಟ್ಟೆಗಳು ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ನಡುವೆ ಏನೋ ಇದ್ದರೆ ಮಾತ್ರ ವಾಲುತ್ತವೆ.

ಪದಮ್ ಬರಲು ಹತ್ತು ನಿಮಿಷ ಬೇಕು. ಬಂದ ಮೇಲೆ ಅವನ ಕೈಯಲ್ಲೇ ಎತ್ತಿಸಬಹುದು. ಅದು ಬರೀ ಒಂದು ಚಮಚವೋ, ಯಾರೋ ಬಿಟ್ಟ ಈರುಳ್ಳಿ ಚೂರೋ ಇರಬಹುದು. ಝಬರ್ ಕೈ ಹಿಂದೆ ಕಟ್ಟಿಕೊಂಡು ನಿಂತ. ಆಗ ಐದು ಗಂಟೆ ಮೂವತ್ತೆಂಟು ನಿಮಿಷ. ಬೆಳಕು ಇರುವುದು ಏಳೂ ಕಾಲರವರೆಗೆ. ಯಾರನ್ನಾದರೂ ಕೆಳಗಿನ ಭೂರ್ಜದ ಕಾಡಿನ ಅಂಚಿಗೆ ಇಳಿಸಬೇಕಾದರೆ ಅವನ ಮೊಣಕಾಲಿಗೆ ಒಂದೂ ಕಾಲು ಗಂಟೆ ಬೇಕು. ಹತ್ತು ನಿಮಿಷ ಕಾಯಬಹುದಿತ್ತು. ಮಾಸ್ತರರ ತಟ್ಟೆ ಕಂಡ ರಾತ್ರಿಯೂ ಅವನು ಬೆಳಗಾಗಲಿ ಎಂದೇ ಕಾದಿದ್ದ.

ಅವನು ಬಗ್ಗಿ ಮೇಲಿನ ತಟ್ಟೆಗಳನ್ನೆಲ್ಲ ಎರಡೂ ಕೈಯಿಂದ ಎತ್ತಿದ. ಕೆಳಗೆ ಅನ್ನದ ಗುಡ್ಡೆ ಹಾಗೇ ಇತ್ತು, ರಾಜ್ಮಾ ಅದರ ಮೇಲೆ ಕೆನೆಗಟ್ಟಿತ್ತು. ಅಂಚಿನಲ್ಲಿ ಚೀಪಿ ಬಿಟ್ಟ ಜರ್ದಾಳು ಬೀಜ.

ಅವನು ಅಡುಗೆ ಗುಡಾರದೊಳಗೆ ಹೋಗಿ ಒಂದು ಹಿಡಿ ಹಸಿ ರಾಜ್ಮಾ ಕಾಳು, ಒಂದು ಖಾಲಿ ಬಟ್ಟಲು ತಂದು, ಕಾಳನ್ನು ಜಗಮೋಹನ್‌ನ ಮುಂದೆ ತಟ್ಟೆಯಲ್ಲಿ ಸುರಿದ.

"ಇಪ್ಪತ್ತು ಎಣಿಸಿ ಈ ಬಟ್ಟಲಿಗೆ ಹಾಕು."

"ಏನ್ ಕಾಕಾ, ನನ್ನನ್ನ ಅಂಗನವಾಡಿಗೆ ಸೇರಿಸ್ತಾ ಇದ್ದೀರಾ?"

"ಎಣಿಸು."

ಸೌಖ್ಯವಾಗಿರುವವನಿಗೆ ಈ ಎತ್ತರದಲ್ಲೂ ಅದಕ್ಕೆ ಅರ್ಧ ನಿಮಿಷ ಸಾಕು. ಜಗಮೋಹನ್ ನಗುತ್ತ ಶುರು ಮಾಡಿ, ಒಂದು ನಿಮಿಷ ಹತ್ತು ಸೆಕೆಂಡಿಗೆ "ಇಪ್ಪತ್ತು!" ಎಂದು ಬಟ್ಟಲು ಮುಂದೆ ತಳ್ಳಿದ. ಅದರಲ್ಲಿ ಹದಿನಾರು ಕಾಳುಗಳಿದ್ದವು. ಎರಡನೆಯ ಸಲ ಹನ್ನೊಂದಕ್ಕೆ ನಿಂತು, ಕೈಯಲ್ಲಿದ್ದ ಕಾಳನ್ನೇ ನೋಡುತ್ತ ಕೂತ. ಅವನ ನಗು ನಿಂತುಹೋಯಿತು.

"ಬೆಳಗ್ಗೆ ಹೂವಿನ ಬಯಲು ದಾಟಿ ಬಂದೆ ಕಾಕಾ. ಹೂವಿನ ವಿಷ, ಅಷ್ಟೇ. ಮಲಗಿದ್ರೆ ಇಳಿಯುತ್ತೆ."

"ಮಲಗಿದ್ರೆ ಇಳಿಯಲ್ಲ. ಇಳಿದ್ರೆ ಇಳಿಯುತ್ತೆ. ಎದ್ದು ಬೂಟು ಹಾಕು."

"ಈ ಬೆಟ್ಟದಲ್ಲಿ ಹುಟ್ಟಿದೋನು ನಾನು! ಪುಣೆಯೋರೆಲ್ಲ ಮೇಲೆ ಹೋಗ್ತಾರೆ, ಜಗಮೋಹನ್ ಕೆಳಗೆ ಹೋದ ಅಂದ್ರೆ ಊರಲ್ಲಿ ನನ್ನ ಮಗಳೂ ನಗ್ತಾಳೆ."

"ನಗೋದಕ್ಕೆ ಅವಳಿಗೆ ಅಪ್ಪ ಇರಬೇಕಲ್ವೇನೋ."

ಗದ್ದಲ ಕೇಳಿ ಸರೋಜನಿ ಬಂದಳು. ಇಪ್ಪತ್ತಾರು ವರ್ಷದವಳು, ಕಡಿಮೆ ಮಾತಿನವಳು. ಬಟ್ಟಲು, ತಟ್ಟೆ, ಜಗಮೋಹನ್‌ನ ಮುಖ ಮೂರನ್ನೂ ನೋಡಿದ ಮೇಲೆ ಅವಳಿಗೆ ವಿವರಿಸಬೇಕಾಗಿರಲಿಲ್ಲ.

"ನಾನು ಇಳಿಸ್ತೀನಿ ಕಾಕಾ. ನಾಳೆ ಯಾರೂ ಮೇಲೆ ಹೋಗೋದು ಬೇಡ. ಇಲ್ಲಾಂದ್ರೆ ಪದಮ್ ಇಳಿಸಲಿ. ನೀವು ಮಾತ್ರ ಹೋಗಲೇಬೇಕು."

"ಪದಮ್‌ಗೆ ದಾರಿ ಗೊತ್ತಿಲ್ಲ. ಎರಡು ತಿರುವು ಆದ್ಮೇಲೆ ಇವನು 'ನಾನು ಸರಿಯಾದೆ, ವಾಪಸು ನಡಿ' ಅಂದ್ರೆ ಅವನು ನಡೀತಾನೆ. ನೀನು ಬಿಟ್ಟು ಬಂದ್ರೆ ಆರು ಜನ ಆರು ದಿನ ನಡೆದದ್ದು ವ್ಯರ್ಥ."

"ಮತ್ತೆ ನಿಮ್ಮದು?"

ಝಬರ್ ಎರಡೂ ಕೈ ಎತ್ತಿ ತೋರಿಸಿದ. ಬೆರಳುಗಳಿಗೆ ರಾಜ್ಮಾ ಗಸಿ ಹತ್ತಿತ್ತು.

"ನಾನು ಎಂಜಲು ಮುಟ್ಟಿ ಆಯ್ತು."

ಸರೋಜನಿ ಆ ಕೈಗಳನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ನಡಿಗೆ ಕೋಲನ್ನು ತಂದು ಅವನ ಕೈಗಿಟ್ಟಳು. ಬಲ ಮೊಣಕಾಲಿಗೆ ತನ್ನ ಉಣ್ಣೆಯ ಪಟ್ಟಿಯನ್ನೂ ಬಿಗಿದು ಕಟ್ಟಿದಳು.

ಐದು ಐವತ್ತೈದಕ್ಕೆ ಇಬ್ಬರೂ ಹೊರಟರು. ಮೊದಲ ಅರ್ಧ ಗಂಟೆ ಜಗಮೋಹನ್ ಕುಡಿದವನಂತೆ ನಡೆದ. ಝಬರ್ ಅವನ ಸೊಂಟದ ಪಟ್ಟಿ ಹಿಡಿದು ಹಿಂದೆ ಇಳಿದ. ಪ್ರತಿ ಇಳಿಹೆಜ್ಜೆಗೂ ಮೊಣಕಾಲಿನಲ್ಲಿ ಒಣ ಕೊಂಬೆ ಮುರಿದ ಹಾಗೆ ಆಗುತ್ತಿತ್ತು. ಮೂರನೆಯ ತಿರುವು ಬಂದಾಗ ಝಬರ್ ಅಲ್ಲಿ ನಿಲ್ಲಲಿಲ್ಲ, ನಿಲ್ಲಲು ಜಗಮೋಹನ್‌ಗೂ ಬಿಡಲಿಲ್ಲ.

"ಕಾಕಾ, ಒಂದ್ನಿಮಿಷ ಕೂತ್ಕೋತೀನಿ."

"ಇಲ್ಲಿ ಬೇಡ. ಬೇಕಾದ್ರೆ ಆ ಕೆಂಪು ಕಲ್ಲಿನ ಹತ್ರ ಕೂತು ನನ್ನನ್ನ ಬೈಯಿ."

ಕೆಂಪು ಕಲ್ಲು ದಾಟಿ ಇನ್ನೂರು ಮೀಟರ್ ಇಳಿದ ಮೇಲೆ ಜಗಮೋಹನ್ ನಿಜವಾಗಿಯೂ ಬೈಯತೊಡಗಿದ. ಮೊದಲು ಗೋದಾಮಿನ ಯಜಮಾನನನ್ನು, ಆಮೇಲೆ ಜರ್ದಾಳುವನ್ನು. ವಾಕ್ಯಗಳು ಕ್ರಮವಾಗಿ ಬರುತ್ತಿದ್ದವು. ಏಳೂ ಕಾಲಿಗೆ ಕಾಡಿನ ಅಂಚಿನ ಕುರಿಗಾಹಿಗಳ ಕಲ್ಲು ಗುಡಿಸಲು ಮುಟ್ಟಿದರು. ಎತ್ತರ ಮೂರು ಸಾವಿರದ ಐನೂರ ಎಪ್ಪತ್ತು. ಝಬರ್ ಒಲೆ ಹಚ್ಚಿ ಊದಲಕ್ಕಿ ಗಂಜಿ ಕಾಯಿಸಿ ಕೊಟ್ಟ. ಜಗಮೋಹನ್ ಅರ್ಧ ಕುಡಿದು ನಿದ್ದೆ ಹೋದ.

ಬೆಳಗ್ಗೆ ಆರಕ್ಕೆ ಝಬರ್ ಗುಡಿಸಲ ಬಾಗಿಲಲ್ಲಿ ಕೂತು ಮೇಲಿನ ದಿಬ್ಬ ನೋಡುತ್ತಿದ್ದ. ಆಕಾಶ ಒಂದು ಚೂರೂ ಮೋಡವಿಲ್ಲದೆ ತೊಳೆದಿಟ್ಟಂತಿತ್ತು. ಇಂಥ ಬೆಳಗಿನಲ್ಲಿ ಆ ಬಣ್ಣದ ಬಗ್ಗೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಒಳಗಿನಿಂದ ಸದ್ದು ಕೇಳಿತು. ಜಗಮೋಹನ್ ಎರಡನೆಯ ಸಲ ಗಂಜಿ ಬಡಿಸಿಕೊಳ್ಳುತ್ತಿದ್ದ.

"ಉಪ್ಪು ಕಮ್ಮಿ ಆಗಿದೆ ಕಾಕಾ," ಎಂದ ಅವನು.

"ಉಪ್ಪಿನ ಮಾತು ಬಂತಾ? ಹಾಗಾದ್ರೆ ನೀನು ಬದುಕಿದೆ ಕಣೋ," ಎಂದು ಝಬರ್ ತಟ್ಟೆ ಇಸಿದುಕೊಂಡು ನೋಡಿದ. ಅದರಲ್ಲಿ ಒಂದು ಅಗುಳೂ ಉಳಿದಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಸರೋಜನಿ ಆರು ಜನರನ್ನೂ ಕರೆದುಕೊಂಡು ಇಳಿದು ಬಂದಳು. ಝಬರನ ಮೊಣಕಾಲು ಸೋರೆಕಾಯಿಯಂತೆ ಊದಿಕೊಂಡಿತ್ತು. ಅವನು ಎಲ್ಲರಿಗೂ ಚಹಾ ಕೊಟ್ಟ. ಆ ದಿನ ಅವನು ಯಾರನ್ನೂ ಏನೂ ಕೇಳಲಿಲ್ಲ. ಅವರೂ ಫೋನು ಹೊರಗೆ ತೆಗೆಯಲಿಲ್ಲ. ಸರೋಜನಿ ಬೇಡವೆಂದು ಮೊದಲೇ ಹೇಳಿದ್ದಳು.

ಊರು ಮುಟ್ಟಿದಾಗ ಛುಮಾ ದೇವಿ ಬಾಗಿಲಲ್ಲೇ ಕೇಳಿದಳು. "ಯಾವ ಬಣ್ಣ?"

"ಮೇಲೆ ಹೋಗ್ಲಿಲ್ಲ."

ಅವಳು ಅವನ ಕಾಲು ನೋಡಿದಳು. ಹಿಂದೆ ತಲೆ ತಗ್ಗಿಸಿ ನಿಂತಿದ್ದ ಜಗಮೋಹನ್‌ನನ್ನೂ ನೋಡಿದಳು. ಆ ದಿನ ಹಂಗಿಸಲಿಲ್ಲ. ಎಣ್ಣೆ ಬಿಸಿಗಿಡಲು ಒಳಗೆ ಹೋದಳು.

ಝಬರ್ ಮತ್ತೆ ಬೆಟ್ಟ ಹತ್ತಲಿಲ್ಲ. ಈಗ ಮನೆಯ ಜಗಲಿಯಲ್ಲಿ ಕೂತು, ಹೊಸದಾಗಿ ಸೇರುವ ಅಡುಗೆಯವರಿಗೆ ರಾಜ್ಮಾ ಎಷ್ಟು ಹೊತ್ತು ಬೇಯಬೇಕು, ತಟ್ಟೆಯನ್ನು ಹೇಗೆ ಓದಬೇಕು ಎರಡನ್ನೂ ಕಲಿಸುತ್ತಾನೆ. ಕೋಟ್ಗಾದ ಗೈಡುಗಳೆಲ್ಲ ಈಗ ಜೇಬಿನಲ್ಲಿ ಇಪ್ಪತ್ತು ಕಾಳು ಇಟ್ಟುಕೊಳ್ಳುತ್ತಾರೆ. ಬೆಟ್ಟ ಏರುವ ಮುನ್ನ ಮೊದಲು ತಾವೇ ಎಣಿಸುತ್ತಾರೆ. ಜಗಮೋಹನ್ ಮಾಡಿದ ನಿಯಮ ಅದು.

ಜಗಮೋಹನ್‌ನನ್ನು ಇಳಿಸಿದ ವರ್ಷವೇ ಶರತ್ಕಾಲದಲ್ಲಿ ಊರಿನ ಗೈಡುಗಳ ಸಂಘ ಪಂಚಾಯಿತಿ ಅಂಗಳದಲ್ಲಿ ಅವನಿಗೆ ಸನ್ಮಾನ ಮಾಡಿತು. ಯಾತ್ರಿಕರಿಗೆ ಕೊಡುವಂಥದೇ ಪ್ರಮಾಣಪತ್ರ, ಕೆಂಪು ಅಂಚಿನದು. ಜಗಮೋಹನ್‌ನೇ ಬರೆಸಿ ತಂದಿದ್ದ. ಅವನೇ ನಿಂತು ಓದಿದ.

"ಶ್ರೀ ಝಬರ್ ಸಿಂಗ್, ಮೂವತ್ತೊಂದು ವರ್ಷದ ಸೇವೆ, ಸುರ್‌ತಾಲ್ ಮಾರ್ಗದಲ್ಲಿ ತಲುಪಿದ ಎತ್ತರ ನಾಲ್ಕು ಸಾವಿರದ ನಾನೂರ ತೊಂಬತ್ತು ಮೀಟರ್."

ಅದು ಸರೋವರದ ಎತ್ತರ. ಜನ ಚಪ್ಪಾಳೆ ತಟ್ಟಿದರು. ಝಬರ್ ಕೋಲೂರಿ ಎದ್ದು ನಿಂತು, ಚಪ್ಪಾಳೆ ನಿಲ್ಲುವವರೆಗೂ ಕೈ ಎತ್ತಿ ಹಿಡಿದ.

"ತಪ್ಪು ಬರೆಸಿದ್ದೀಯ ಜಗ್ಗು, ತಿದ್ದು," ಎಂದ. ಅಂಗಳದ ಕೊನೆಯವರೆಗೂ ಕೇಳುವಂತೆ ಹೇಳಿದ:

"ನಾಲ್ಕು ಸಾವಿರದ ನೂರಾ ಹತ್ತು."