ಎರಡನೆಯ ಬಾಗಿನ

ನನ್ನ ತಮ್ಮನ ಬಾಯೊಳಗೆ ಇಣುಕಿ ನೋಡುವ ಹಕ್ಕು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅಮ್ಮ ಗದ್ದೆಗೆ ಹೋದಾಗ ಮುದ್ದೆ ಮುರಿದು ಸಾರಿಗೆ ಅದ್ದಿ ಅವನಿಗೆ ನುಂಗಿಸಿದವಳು ನಾನು. ಈಗ ಹೊಳೆನರಸೀಪುರದಲ್ಲಿ, ನಮ್ಮ ತವರಿನ ಬೀದಿಯಲ್ಲೇ, ಒಬ್ಬ ನರ್ಸಮ್ಮ ದಿನಾ ಬೆಳಿಗ್ಗೆ ಅವನ ನಾಲಿಗೆ ಕೆಳಗೆ ಮಾತ್ರೆ ಇಟ್ಟು, ಅದು ಕರಗುವವರೆಗೆ ಎದುರಿಗೇ ಕೂತು, ಬಾಯಿ ತೆಗೆಸಿ ನೋಡುತ್ತಾಳೆ. ಅವನು ಕುರಿಮರಿಯ ಹಾಗೆ ತೆಗೆಯುತ್ತಾನೆ. ನಾನು ಏನಾದರೂ ಹೇಳಿದರೆ ಮುಖ ತಿರುಗಿಸುವ ಆಸಾಮಿ.

ನೋವಿನ ಮಾತ್ರೆಯನ್ನು ನೀರಲ್ಲಿ ಕರಗಿಸಿ ತೋಳಿಗೆ ಚುಚ್ಚಿಕೊಳ್ಳುವುದನ್ನು ಅವನು ಕಲಿತಿದ್ದ. ಅವನ ಜೊತೆಗಾರನೊಬ್ಬ ಹೊಳೆಯ ದಂಡೆಯಲ್ಲಿ ಸೂಜಿ ಸಮೇತ ಸತ್ತು ಬಿದ್ದಿದ್ದ. ಆ ಚಟ ಬಿಡಿಸುವ ಮಾತ್ರೆ ಕೊಡಲೆಂದು ಸರ್ಕಾರದವರು ತೆರೆದದ್ದು ನರ್ಸಮ್ಮನ ಕೋಣೆ. ಬಿಡಲಾಗದವರಿಗೆ ಹೊಸ ಸಿರಿಂಜನ್ನೂ ಕೊಡುತ್ತಾರೆ, ಹಳೆಯದನ್ನು ವಾಪಸ್ ಪಡೆಯುತ್ತಾರೆ. ಬೀದಿಯವರ ಹೊಟ್ಟೆ ಉರಿದದ್ದು ಇದಕ್ಕೆ. ನನ್ನ ಹೊಟ್ಟೆ ಉರಿದದ್ದು ಬೇರೆಯದಕ್ಕೆ.

ಅಮ್ಮ ಹೋದ ಮೇಲೆ ನನಗೆ ತವರು ಅಂದರೆ ಇವನೊಬ್ಬನೇ. ನಾನು ಮದುವೆಯಾಗಿ ಸೇರಿದ ದಂಡಿಗನಹಳ್ಳಿಯಲ್ಲಿ ಗೌರಿ ಹಬ್ಬಕ್ಕೆ ಎಲ್ಲರ ಅಣ್ಣತಮ್ಮಂದಿರೂ ಬಾಗಿನ ಹಿಡಿದು ಬರುತ್ತಿದ್ದರು. ನಾನು ಜಗುಲಿಯಲ್ಲಿ ಕೂತು ಬಸ್ಸು ನೋಡಿದ್ದೇ ಬಂತು. ಈ ವರ್ಷ ಬಂದ. ಮೈ ತುಂಬಿಕೊಂಡಿತ್ತು, ತಲೆ ಬಾಚಿಕೊಂಡಿದ್ದ. ಚೀಲದಲ್ಲಿ ಅರಿಶಿನ ಕುಂಕುಮ, ಬಳೆ, ತೆಂಗಿನಕಾಯಿ, ಹಸಿರು ರವಿಕೆ ಬಟ್ಟೆ. ಕಣ್ಣು ತುಂಬಿ ಬಂತು. ಸುಮ್ಮನೆ ಇಸಿದುಕೊಳ್ಳಬಾರದಿತ್ತೇ, ನನ್ನ ಬಾಯಿ ಕೇಳಬೇಕಲ್ಲ.

"ಯಾಕ್ಲಾ ಇಷ್ಟೊತ್ತು?"

"ಮದ್ಲು ಅಕ್ಕಂಗೆ ಕೊಟ್ಟು ಬಂದೆ ಕಣಕ್ಕ."

"ಯಾವ ಅಕ್ಕಂಗ್ಲಾ?"

"ಅದೇ, ನರ್ಸಕ್ಕ. ಅವ್ರಿಗೂ ಇಂಥದ್ದೇ ಹಸ್ರು ಬಟ್ಟೆ. ಅಣ್ಣತಮ್ದೀರು ಯಾರೂ ಇಲ್ವಂತೆ ಪಾಪ."

ಇಲ್ಲದಿದ್ದರೆ ಇಲ್ಲ, ನನ್ನ ತಮ್ಮನೇ ಆಗಬೇಕಿತ್ತೇ? ಹೊಟ್ಟೆಕಿಚ್ಚು ಅನ್ನಿ, ಹೌದು, ಹೊಟ್ಟೆಕಿಚ್ಚೇ. ಒಬ್ಬಟ್ಟನ್ನು ಅವನ ಎಲೆಗೆ ಕುಕ್ಕಿದೆ. ಅವನು ತಲೆ ಎತ್ತದೆ ತಿಂದು ಹೋದ.

ಹಬ್ಬ ಕಳೆದ ವಾರ ತವರಿನ ಬೀದಿಯ ಹಿರಿಯರೊಬ್ಬರು ಫೋನ್ ಮಾಡಿದರು. ಆ ಕೋಣೆ ಮುಚ್ಚಿಸಲು ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. "ನೀನು ಈ ಬೀದಿ ಮಗ್ಳು ಕಣವ್ವ. ಅವನ ಅಕ್ಕ ನೀನೇ ಬ್ಯಾಡ ಅಂದ್ಬುಟ್ರೆ ಆಫೀಸರೂ ಕೇಳ್ತಾರೆ" ಎಂದರು. ಮೊದಲ ಬಸ್ಸಿಗೇ ಹೊರಟೆ. ಆ ನರ್ಸಮ್ಮನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

"ನಮ್ ಹೆಣ್ಮಕ್ಳು ಓಡಾಡೋ ಬೀದಿ ಸಾ, ಕಂಡಕಂಡೋರೆಲ್ಲ ಇಲ್ಗೇ ಬತ್ತಾರೆ" ಎಂದ ಒಬ್ಬ, ಸಭೆಗೆ ಬಂದಿದ್ದ ಆಫೀಸರಿಗೆ. ಅದು ಸುಳ್ಳಲ್ಲ. ಇನ್ನೊಬ್ಬ, "ಸೂಜಿ ಕೊಟ್ಟು ಸಾಕೋ ಬದ್ಲು, ಸಾಯೋರು ಸಾಯ್ಲಿ ಬುಡಿ" ಎಂದ. ಬಾಗಿಲ ಬಳಿ ನಿಂತಿದ್ದ ತಮ್ಮ ತಲೆ ತಗ್ಗಿಸಿದ. ಹಿರಿಯರು ನನ್ನ ಕಡೆ ಕೈ ತೋರಿಸಿದರು. ಎದ್ದೆ. ಜೋಡಿಸಿಕೊಂಡಿದ್ದ ಮಾತು ಬಿಟ್ಟು ಬೇರೆಯದೇ ಬಾಯಿಗೆ ಬಂತು.

"ಆ ನರ್ಸಮ್ಮನ್ನ ಕಂಡ್ರೆ ನಂಗಾಗಲ್ಲ" ಎಂದೆ. "ಬಾಗಿನ ಅವ್ಳಿಗೆ ಮದ್ಲು ಕೊಟ್ಟ, ನಂಗೆ ಆಮ್ಯಾಲೆ. ಆ ರೂಮು ಮುಚ್ಚುದ್ರೆ ನಂಗೇ ಮದ್ಲು ಬತ್ತದೆ, ಫೋನು. ಹೊಳೆ ದಂಡೇಗೆ ಬಂದು ಹೆಣದ ಗುರ್ತು ಹಿಡಿಯವ್ವ ಅಂತ. ಅಂಥಾದ್ರಲ್ಲಿ ನಂಗೆ ಮದ್ಲು ಬ್ಯಾಡ. ಮುಚ್ಬ್ಯಾಡಿ."

ಅವತ್ತು ತೀರ್ಮಾನವೇನೂ ಆಗಲಿಲ್ಲ. ಕೋಣೆ ಸದ್ಯ ತೆರೆದೇ ಇದೆ. ಸಭೆಯಿಂದ ಹೊರಗೆ ಬಂದಾಗ ನರ್ಸಮ್ಮ ಎದುರಾದಳು. ತಮ್ಮ ಕೊಟ್ಟ ಹಸಿರು ಬಟ್ಟೆಯನ್ನು ಆಗಲೇ ಹೊಲಿಸಿ ತೊಟ್ಟಿದ್ದಳು, ತೋಳಿಗೆ ಅಂಚು ಬೇರೆ. ನನ್ನದು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಮನೆಗೆ ಬಂದವಳೇ ಅದನ್ನು ಟೈಲರಿಗೆ ಕೊಟ್ಟೆ, ತೋಳಿಗೆ ಇನ್ನೂ ಅಗಲದ ಅಂಚು ಇಡಲು ಹೇಳಿದೆ.