ಮೇಲಿನ ಮನೆಯ ನಾಯಿಯ ರಕ್ತ

ಹೊಸಹಳ್ಳಿಯ ನಮ್ಮ ಕಟ್ಟಡದಲ್ಲಿ ಎರಡು ನಾಯಿಗಳು. ಕೆಳಗಿನ ಮನೆಯದು ನಮ್ಮದು, ಮೊದಲ ಮಹಡಿಯದು ನನ್ನ ವಾರಗಿತ್ತಿಯದು. ನನ್ನ ಗಂಡ ಮತ್ತು ಅವರ ತಮ್ಮ ಸೇರಿ ಹಳೆಯ ಹೆಂಚಿನ ಮನೆ ಕೆಡವಿ ಈ ಕಟ್ಟಡ ಕಟ್ಟಿಸಿದಾಗಿನಿಂದ ನಾವಿಬ್ಬರೂ ಹೀಗೆ ಕೆಳಗೊಬ್ಬರು ಮೇಲೊಬ್ಬರು ಸಂಸಾರ ಮಾಡಿಕೊಂಡು ಬಂದಿದ್ದೇವೆ. ಜಗಳ ಅಂತ ಯಾವತ್ತೂ ಆಡಿಲ್ಲ. ಅವಳು ಬಾಯಿ ತುಂಬ ಅಕ್ಕ ಎನ್ನುತ್ತಾಳೆ, ಹಬ್ಬಕ್ಕೆ ಮಾಡಿದ್ದನ್ನು ಮೊದಲು ಕೆಳಗೆ ಕಳಿಸುತ್ತಾಳೆ. ಅವಳ ಸೀರೆ, ಒಡವೆ, ಮಗಳ ಕೆಲಸ ಯಾವುದೂ ನನ್ನ ಕಣ್ಣು ಕುಕ್ಕಿರಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಅವಳ ನಾಯಿ.

ಅವಳದು ಲ್ಯಾಬ್ರಡಾರ್. ಅವಳ ಅಣ್ಣ ನಂದಿನಿ ಲೇಔಟಿನಿಂದ ಕಾರಿನಲ್ಲಿ ತಂದುಕೊಟ್ಟದ್ದು. ಬೆಣ್ಣೆಯ ಬಣ್ಣ, ದಪ್ಪ ಪಾದ, ಯಾರನ್ನು ಕಂಡರೂ ಹಳೇ ನೆಂಟರನ್ನು ಕಂಡಷ್ಟು ಸಂಭ್ರಮ. ನಮ್ಮದು ಬೀದಿಯದು. ಮೆಟ್ರೋ ಕಂಬದ ಬುಡದಲ್ಲಿ ಸೊಪ್ಪು ಮಾರುವವಳ ಗೋಣಿಚೀಲದ ಪಕ್ಕ ಮುದುಡಿಕೊಂಡಿದ್ದ ಮರಿ, ಒಂದು ಬೆಳಿಗ್ಗೆ ನನ್ನ ಹಿಂದೆಯೇ ಮನೆಯವರೆಗೂ ಬಂದು, ಗೇಟು ಹಾಕಿದರೂ ಅಲ್ಲೇ ಕೂತಿತು. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಸೇರುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ನಾನು ಗೆದ್ದಿದ್ದೇನೆ ಎಂದುಕೊಂಡಿದ್ದೆ.

ಮಿಕ್ಕೆಲ್ಲದರಲ್ಲೂ ಸೋಲೇ. ನನ್ನ ಗಂಡ ಮಂಡಿನೋವು ಅಂತ ನಮ್ಮ ನಾಯಿಯನ್ನು ಒಂದು ದಿನವೂ ಹೊರಗೆ ಕರೆದುಕೊಂಡು ಹೋದವರಲ್ಲ. ಆದರೆ ಸಂಜೆಯಾದರೆ ಮೇಲಿನದರ ಬೆಲ್ಟು ಹಿಡಿದು ಪಾರ್ಕಿನ ಕಡೆ ನಡೆಯುತ್ತಿದ್ದರು. ಕೇಳಿದರೆ, "ಅದು ಎಳೆಯಲ್ಲ ಕಣೇ, ನಿನ್ನದು ಎಳೆದಾಡುತ್ತೆ" ಎನ್ನುತ್ತಿದ್ದರು. ನಿನ್ನದು ಎಂಬ ಮಾತು ನನಗೆ ಚುಚ್ಚುತ್ತಿತ್ತು.

ನಾಯಿಗಳನ್ನು ತೋರಿಸಲು ನಾವಿಬ್ಬರೂ ಹೋಗುತ್ತಿದ್ದದ್ದು ಒಬ್ಬರೇ ಡಾಕ್ಟರ ಹತ್ತಿರ. ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆಯಲ್ಲಿ ಅವರ ಕ್ಲಿನಿಕ್. ಹೊರಗೆ ಉದ್ದನೆಯ ಬೆಂಚು, ಒಳಗೆ ಸ್ಟೀಲ್ ಮೇಜು, ಫಿನಾಯಿಲ್ ವಾಸನೆ. ಒಮ್ಮೆ ಎರಡಕ್ಕೂ ವ್ಯಾಕ್ಸಿನ್ ಹಾಕಿಸಲು ವಾರಗಿತ್ತಿ ತನ್ನ ಕಾರಿನಲ್ಲೇ ನನ್ನನ್ನೂ ಕರೆದುಕೊಂಡು ಹೋದಳು. ಮೇಲಿನದು ತಾನಾಗಿಯೇ ತೂಕದ ಯಂತ್ರ ಹತ್ತಿ ಕೂತಿತು. ಡಾಕ್ಟರ್ ಮೇಡಂ ಕನ್ನಡಕ ಮೇಲೆ ಸರಿಸಿ, "ಬಾರೋ ನನ್ನ ಹೀರೋ" ಎಂದು ಅದರ ಮೂತಿಗೆ ಮೂತಿ ತಾಗಿಸಿದರು. ಸೂಜಿ ಚುಚ್ಚುವಾಗಲೂ ಅದು ಬಾಲ ಅಲ್ಲಾಡಿಸುತ್ತಿತ್ತು. ನಮ್ಮದರ ಸರದಿ ಬಂದಾಗ ಅದು ಬೆಂಚಿನ ಕೆಳಗೆ ಸೇರಿಕೊಂಡಿತು. ಎಳೆದರೆ ಅಲ್ಲೇ ಉಚ್ಚೆ ಹೊಯ್ದಿತು. ಗದಗ ಕಡೆಯ ಕಾಂಪೌಂಡರ್ ಬ್ಯಾಂಡೇಜ್ ಬಟ್ಟೆಯಿಂದ ಅದರ ಬಾಯಿ ಕಟ್ಟಿದ. ಪಮೇರಿಯನ್ ನಾಯಿಯನ್ನು ಅಪ್ಪಿಕೊಂಡು ಕೂತಿದ್ದ ಹುಡುಗಿಯೊಬ್ಬಳು, "ಆಂಟಿ, ಇದು ಯಾವ ಬ್ರೀಡು?" ಎಂದಳು. ನಾನು ಉತ್ತರಿಸುವ ಮೊದಲೇ ವಾರಗಿತ್ತಿ, "ಇಂಡೀ ಕಣಮ್ಮ, ನಮ್ಮ ದೇಶದ್ದೇ, ತುಂಬಾ ಜಾಣ" ಎಂದಳು. ನನ್ನ ನಾಯಿಯನ್ನು ಅವಳು ಹೊಗಳಿದ್ದೂ ನನಗೆ ಸೇರಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮದು ಊಟ ಬಿಟ್ಟಿತು. ಮೊದಲು ಸೆಖೆಗೆ ಅಂದುಕೊಂಡೆ. ಆಮೇಲೆ ಕಾಲುಗಳು ಸೋತು, ಬಾಗಿಲ ಬಳಿ ಒರಗಿಕೊಂಡು ಮಲಗತೊಡಗಿತು. ನಾನು ಕರೆದರೆ ಕಣ್ಣು ಮಾತ್ರ ತಿರುಗಿಸುತ್ತಿತ್ತು, ಬಾಲ ಏಳುತ್ತಿರಲಿಲ್ಲ. ಆಟೋ ಹಿಡಿದು ಕ್ಲಿನಿಕ್ಕಿಗೆ ಹೋದೆ. ಮೇಡಂ ತುಟಿ ಸರಿಸಿ ವಸಡು ನೋಡಿದರು. ಅದು ಸುಣ್ಣ ಬಳಿದ ಹಾಗೆ ಬಿಳಚಿಕೊಂಡಿತ್ತು.

"ಟಿಕ್ ಫೀವರ್. ಉಣ್ಣಿ ಕಚ್ಚಿ ಬರೋದು" ಎಂದರು. ಔಷಧಿ, ಡ್ರಿಪ್ ಶುರು ಮಾಡಿದರು. ಶನಿವಾರ ಸಂಜೆ ಮತ್ತೆ ರಕ್ತ ಪರೀಕ್ಷೆ ಮಾಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ರಕ್ತ ತೀರಾ ಕಮ್ಮಿ ಆಗಿದೆ. ಔಷಧಿ ಕೆಲಸ ಮಾಡೋ ತನಕ ಇದು ತಡ್ಕೋಬೇಕಲ್ಲ. ಬೇರೆ ನಾಯಿ ರಕ್ತ ಕೊಡಿಸ್ಬೇಕು. ಚೆನ್ನಾಗಿ ತೂಕ ಇರ್ಬೇಕು, ಆರೋಗ್ಯವಾಗಿರ್ಬೇಕು."

"ಎಲ್ಲಿ ಸಿಗುತ್ತೆ ಮೇಡಂ?"

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನಿಮ್ಮ ಮನೇಲೇ ಇದೆಯಲ್ಲ. ನಮ್ಮ ಹೀರೋ."

ನನಗೆ ಅದು ಹೊಳೆದಿರಲಿಲ್ಲ ಎಂದಲ್ಲ. ಬೇರೆ ಯಾವ ನಾಯಿಯ ಹೆಸರಾದರೂ ಅವರ ಬಾಯಿಂದ ಬರಲಿ ಎಂದು ಕಾಯುತ್ತಿದ್ದೆ. "ಬೇರೆ ಯಾರಾದ್ರೂ ಇದಾರಾ ಮೇಡಂ?" ಎಂದು ಕೇಳಿಯೂ ಕೇಳಿದೆ. "ಹುಡುಕಬಹುದು. ಆದ್ರೆ ಟೈಮ್ ಇಲ್ಲ, ನಾಳೆ ಬೆಳಿಗ್ಗೆಯೊಳಗೆ ಕೊಡಿಸ್ಬೇಕು" ಎಂದರು.

ಮನೆಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತೆ. ಸಕ್ಕರೆ, ಕಾಫಿಪುಡಿ ಅಂತ ಸಲೀಸಾಗಿ ಹತ್ತಿದ ಮೆಟ್ಟಿಲುಗಳು. ಆ ದಿನ ಕಂಬಿ ಹಿಡಿದುಕೊಂಡು ನಿಂತೇ ಇದ್ದೆ. ಯಾವ ನಾಯಿಯನ್ನು ಕಂಡು ಇಷ್ಟು ವರ್ಷ ಒಳಗೊಳಗೇ ಉರಿದಿದ್ದೆನೋ ಅದರ ರಕ್ತ ಕೇಳಲು ಹೋಗಬೇಕಿತ್ತು. ಕೊನೆಗೂ ಹತ್ತಿದೆ. ವಾರಗಿತ್ತಿ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಳು. ವಿಷಯ ಹೇಳಿದೆ.

"ಅಯ್ಯೋ, ಅದಕ್ಕೆ ಇಷ್ಟ್ಯಾಕೆ ಅಕ್ಕ ಮುಖ ಸಣ್ಣ ಮಾಡ್ಕೊಂಡಿದೀರಾ? ಈಗ್ಲೇ ಬೇಕಂತಾ, ಬೆಳಿಗ್ಗೆಯಂತಾ?" ಎನ್ನುತ್ತಲೇ ಎದ್ದು ಒಲೆ ಆರಿಸಿದಳು.

ಒಂದು ಗಳಿಗೆಯಾದರೂ ಅವಳು ಹಿಂಜರಿಯಲಿ ಎಂದು ನಾನು ಬಯಸಿದ್ದೆ. ಅವರನ್ನು ಕೇಳ್ತೀನಿ, ನಮ್ಮದಕ್ಕೆ ಏನಾದ್ರೂ ಆದ್ರೆ ಅಂತ ಏನಾದರೂ ಅಂದಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಅವಳು ಅದನ್ನೂ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಎರಡನ್ನೂ ಕರೆದುಕೊಂಡು ಹೋದೆವು. ಮೊದಲು ಎರಡರ ರಕ್ತವನ್ನೂ ಸ್ವಲ್ಪ ತೆಗೆದು ಹೊಂದುತ್ತದೆಯೋ ಇಲ್ಲವೋ ನೋಡಿದರು. ಹೊಂದಿತು. ಮೇಲಿನದನ್ನು ಮೇಜಿನ ಮೇಲೆ ಮಲಗಿಸಿ, ಕುತ್ತಿಗೆಯ ಕೂದಲು ಬೋಳಿಸತೊಡಗಿದರು. ಆ ಸದ್ದಿಗೇ ವಾರಗಿತ್ತಿಯ ಮುಖ ಬೆವರಿತು.

"ನಂಗಾಗಲ್ಲ ಅಕ್ಕ. ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ನೀವು ಹಿಡ್ಕೊಳಿ, ನಾನು ನಿಮ್ಮದರ ಹತ್ರ ಕೂತಿರ್ತೀನಿ" ಎಂದು ಒಳಗಿನ ಕೋಣೆಗೆ ಹೋದಳು.

ಹಾಗಾಗಿ ಅದರ ತಲೆ ನನ್ನ ಕೈಗೆ ಬಂತು. "ಅಕ್ಕಾರ, ಗದ್ದ ಮ್ಯಾಲ ಎತ್ತಿ ಗಟ್ಟಿ ಹಿಡೀರಿ. ಅದು ಏನೂ ಮಾಡಂಗಿಲ್ಲ" ಎಂದ ಕಾಂಪೌಂಡರ್. ಅಷ್ಟು ಹತ್ತಿರದಿಂದ ನಾನು ಆ ನಾಯಿಯನ್ನು ಯಾವತ್ತೂ ನೋಡಿರಲಿಲ್ಲ. ಸೂಜಿ ಒಳಗೆ ಹೋದಾಗ ಅದರ ಮೈ ಒಮ್ಮೆ ಬಿಗಿಯಾಯಿತು. ಆಮೇಲೆ ತಲೆಯ ಭಾರವನ್ನೆಲ್ಲ ನನ್ನ ಅಂಗೈಗೆ ಬಿಟ್ಟು ನನ್ನನ್ನೇ ನೋಡುತ್ತಾ ಮಲಗಿತು. ಕೆಳಗೆ ಚೀಲ ನಿಧಾನವಾಗಿ ತುಂಬುತ್ತಿತ್ತು. ಬಿಸಿ ಉಸಿರು ನನ್ನ ಮುಂಗೈಗೆ ತಾಗುತ್ತಿತ್ತು. "ಇನ್ನೇನು ಆಯ್ತು ಮರಿ, ಆಯ್ತು" ಎಂದು ನಾನು ಹೇಳುತ್ತಲೇ ಇದ್ದೆ. ನಮ್ಮದಕ್ಕೆ ಹೇಳುವ ದನಿಯಲ್ಲೇ ಹೇಳುತ್ತಿದ್ದೇನೆ ಎಂಬುದು ಆಮೇಲೆ ಗೊತ್ತಾಯಿತು.

ಚೀಲ ತುಂಬಿದ ಮೇಲೆ ಕೈ ತೊಳೆದುಕೊಂಡು ಒಳಗಿನ ಕೋಣೆಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ವಾರಗಿತ್ತಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ನಮ್ಮದು ಅವಳ ತೊಡೆಯ ಮೇಲೆ ಗದ್ದವಿಟ್ಟು, ಅವಳು ಮನೆಯಿಂದ ಡಬ್ಬಿಯಲ್ಲಿ ತಂದಿದ್ದ ಮೊಸರನ್ನವನ್ನು ಅವಳ ಬೆರಳಿನಿಂದ ನೆಕ್ಕುತ್ತಿತ್ತು. ನಾನು ಅಷ್ಟು ದಿನದಿಂದ ತಟ್ಟೆ ಹಿಡಿದು ಬೇಡಿಕೊಂಡರೂ ಬಾಯಿ ತೆರೆಯದ ನಾಯಿ.

"ನೋಡಿ ಅಕ್ಕ, ತಿಂತಾ ಇದೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನನ್ನ ಕಣ್ಣಲ್ಲೂ ಬಂತು. ಆದರೆ ಅದರಲ್ಲಿ ಎಷ್ಟು ಸಂತೋಷದ್ದು, ಎಷ್ಟು ಉರಿಯದ್ದು ಎಂದು ಬೇರೆ ಮಾಡಿ ಹೇಳಲಾರೆ. ನಾಯಿ ಉಳಿಯಲಿ ಎಂದು ದೇವರಿಗೆ ಕೈ ಮುಗಿದವಳು ನಾನೇ. ಅದು ತುತ್ತು ತಿಂದದ್ದು ನನ್ನ ಕೈಯಿಂದಲ್ಲವಲ್ಲ ಎಂದು ಕೊರಗಿದವಳೂ ನಾನೇ. "ನೀನು ಹೊರಗಡೆ ಹೋಗು, ನಿಂದು ಹುಡುಕ್ತಿದೆ" ಎಂದು ಅವಳನ್ನು ಎಬ್ಬಿಸಿ ಅವಳ ಜಾಗದಲ್ಲಿ ಕೂತೆ. ನಮ್ಮದು ಮುಖವೆತ್ತಿ, ಅವಳು ಹೋದ ಬಾಗಿಲನ್ನೇ ನೋಡಿತು.

ಮಧ್ಯಾಹ್ನದವರೆಗೂ ಹನಿಹನಿಯಾಗಿ ಆ ರಕ್ತ ನಮ್ಮದರ ಮುಂಗಾಲಿನೊಳಗೆ ಇಳಿಯಿತು. ಹೊರಗೆ ಕುತ್ತಿಗೆಗೆ ಕೆಂಪು ಬ್ಯಾಂಡೇಜು ಸುತ್ತಿಸಿಕೊಂಡ ಮೇಲಿನದು ಬೇಯಿಸಿದ ಮೊಟ್ಟೆ ತಿನ್ನುತ್ತಾ ಬೆಂಚಿನವರಿಂದೆಲ್ಲ ಮುದ್ದು ಮಾಡಿಸಿಕೊಳ್ಳುತ್ತಿತ್ತು. ಮೇಡಂ ಅದರ ಫೋಟೋ ತೆಗೆದು ಕ್ಲಿನಿಕ್ಕಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಬಸವೇಶ್ವರನಗರ, ಕೆಂಗೇರಿ, ಎಲ್ಲೆಲ್ಲಿಯ ನಾಯಿಯವರೋ ಕೈ ಮುಗಿಯುವ ಚಿತ್ರ ಕಳಿಸಿದ್ದರು. ಬದುಕಿದ್ದು ಯಾವ ನಾಯಿ ಎಂದು ಒಬ್ಬರೂ ಕೇಳಿರಲಿಲ್ಲ. ನಾನೂ ಒಂದು ಕೈ ಮುಗಿಯುವ ಚಿತ್ರ ಒತ್ತಿ, ಫೋನನ್ನು ಬೋರಲು ಹಾಕಿಟ್ಟೆ.

ನಮ್ಮದು ಚೇತರಿಸಿಕೊಂಡಿತು. ಮೊದಲು ಬಾಲ, ಆಮೇಲೆ ಕಾಲು, ಆಮೇಲೆ ಬೊಗಳಿಕೆ. ಮೆಟ್ಟಿಲು ಹತ್ತುವಷ್ಟು ಶಕ್ತಿ ಬಂದ ದಿನವೇ ಸೀದಾ ಮೇಲೆ ಹೋಯಿತು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ತಿಂಡಿ ಆದ ಕೂಡಲೇ ಮೇಲೆ, ಬಿಸಿಲು ಇಳಿದ ಮೇಲೆ ಕೆಳಗೆ. ಕೆಳಗಿನಿಂದ ನಾನು ಕರೆದರೆ, ಮೇಲಿನಿಂದ ಅವಳು, "ಇರ್ಲಿ ಬಿಡಿ ಅಕ್ಕ, ಇಲ್ಲೇ ಮಲಗಿದೆ" ಎನ್ನುತ್ತಿದ್ದಳು. ಆ ಇರ್ಲಿ ಬಿಡಿ ಕೇಳಿದಾಗೆಲ್ಲ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ.

ಒಂದು ಸಂಜೆ ಅನ್ನಕ್ಕೆ ಕೋಳಿಸಾರು ಕಲಸಿಟ್ಟು ಮೆಟ್ಟಿಲ ಕಡೆ ಕೂಗಿದೆ. ಉಗುರಿನ ಸದ್ದು ಕೇಳಿಸಿತು. ಇಳಿದು ಬಂದದ್ದು ಮೇಲಿನದು. ಅಡುಗೆಮನೆಗೆ ಸೀದಾ ಬಂದು, ತಟ್ಟೆ ನೋಡಿ, ನನ್ನ ಮುಖ ನೋಡಿ, ತಿನ್ನಲು ಶುರು ಮಾಡಿತು. ಓಡಿಸಲು ಎತ್ತಿದ ಕೈ ಅದರ ಕುತ್ತಿಗೆಯ ಮೇಲೆ ಇಳಿಯಿತು. ಬೋಳಿಸಿದ ಕಡೆ ಹೊಸ ಕೂದಲು ಮೆತ್ತಗೆ ಬರುತ್ತಿತ್ತು. ತಿಂದಾದ ಮೇಲೆ ಅದು ನನ್ನ ಕಾಲ ಮೇಲೆ ಗದ್ದವಿಟ್ಟು ಮಲಗಿತು.

ಸ್ವಲ್ಪ ಹೊತ್ತಿಗೆ ವಾರಗಿತ್ತಿ ಇಳಿದು ಬಂದು ಬಾಗಿಲಲ್ಲಿ ನಿಂತಳು. "ಮೇಲೆ ಹಾಕಿದ್ದು ಹಾಗೇ ಇದೆ, ಇಲ್ಲಿ ಬಂದು ತಿಂದಿದೆ" ಎಂದಳು. ಬೆಲ್ಟು ಅಲ್ಲಾಡಿಸಿದಳು. ಅದು ಬಾಲ ಆಡಿಸಿತೇ ಹೊರತು ಏಳಲಿಲ್ಲ. "ಬಾರೋ" ಎಂದು ಎರಡನೇ ಸಲ ಕರೆದಾಗ ಅವಳ ದನಿ ಸ್ವಲ್ಪ ಗಡುಸಾಗಿತ್ತು.

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. "ಇರ್ಲಿ ಬಿಡು" ಎಂದೆ. "ಕೂತ್ಕೋ, ಕಾಫಿ ಮಾಡ್ತೀನಿ."